ಎಣ್ಣೆ ತೊಳೆಯುವಾಕೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಲೇಬೇಕಾಗಿದ್ದ ಕಾಗದದಲ್ಲಿ ಅದನ್ನು ಬರೆಯದೆ ಬಿಟ್ಟ ಮನುಷ್ಯ, ಡೆಟ್ರಾಯ್ಟಿನ ಹೊರವಲಯದಲ್ಲಿರುವ ನಮ್ಮ ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ಇವತ್ತಿಗೂ ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾನೆ. ಅಲ್ಲಿಲ್ಲದ ಹೆಸರು ಇಲ್ಲಿದ್ದು ಏನಾಗಬೇಕಾಗಿದೆ? ನಾನು ಅವರನ್ನು ಅಕ್ಕಾವ್ರೆಂದು ಕರೆಯುತ್ತಿದ್ದೆ. ಇಲ್ಲಿಯೂ ಅಕ್ಕ ಎಂದರೆ ಸಾಕು.

ಅಕ್ಕ ಕಳೆದ ಚಳಿಗಾಲದಲ್ಲಿ ಷಿಕಾಗೊದಲ್ಲಿ ತೀರಿಕೊಂಡರು. ಕೊನೆಯ ದರ್ಶನಕ್ಕೆ ಬಂದಿದ್ದ ಕನ್ನಡದವರೆಲ್ಲ "ಎಂಥಾ ಶಾಂತ ಸ್ವಭಾವ, ಒಬ್ಬರ ಮೇಲೂ ದ್ವೇಷ ಇರಲಿಲ್ಲ" ಎಂದು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಅಷ್ಟು ಅಳುವಿನ ನಡುವೆಯೂ ನನಗೆ ನಗು ಬಂತು. ಶಾಂತ ಸ್ವಭಾವವಂತೆ! ನಮ್ಮ ಧಾರವಾಡದ ಕಡೆ ಸಿಟ್ಟು ಬಂದರೆ ಇಡೀ ಓಣಿಗೆ ಕೇಳಿಸುತ್ತದೆ, ಸಂಜೆಯೊಳಗೆ ಇಳಿದೂ ಹೋಗುತ್ತದೆ. ಅಕ್ಕ ಮೈಸೂರಿನವರು. ಅವರ ಸಿಟ್ಟು ಭರಣಿಯೊಳಗಿನ ಉಪ್ಪಿನಕಾಯಿ. ಬಾಯಿ ಕಟ್ಟಿ ಇಟ್ಟಷ್ಟೂ ಕಳಿಯುತ್ತಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಕೆಲಸಕ್ಕೆ ಹೋಗುವ ದಾರಿಯಲ್ಲಿದ್ದ ನಾರ್ತ್‌ವಿಲ್ಲಿನ ಒಂದು ಬೇಕರಿಯಲ್ಲಿ ಕೌಂಟರಿನ ಹೆಂಗಸು ಅವರ ಸೀರೆಯನ್ನು ನೋಡಿ, ಕಿಟಕಿಯ ಪರದೆ ಸುತ್ತಿಕೊಂಡು ಬಂದಿದ್ದೀರಾ ಎಂದು ಕೇಳಿದ್ದಳಂತೆ. ಅಕ್ಕ ನಕ್ಕು, ಬ್ರೆಡ್ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ ಬಂದರು. ಆಮೇಲೆ ಅವರು ಆ ಬೀದಿಯಲ್ಲಿ ಕಾರು ಓಡಿಸಲೇ ಇಲ್ಲ. ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋಗುವಾಗಲೂ ಸುತ್ತು ಬಳಸಿಯೇ ಹೋಗುತ್ತಿದ್ದರು.

"ಅಕ್ಕಾವ್ರ, ಆ ರಸ್ತಾ ಹಿಡದ್ರ ಲಗೂ ಮುಟ್ತೀವಲ್ರೀ."

"ಲೇಟಾದ್ರೂ ಪರ್ವಾಗಿಲ್ಲ ಕಣೆ. ಅವಳ ಬೋರ್ಡು ನನ್ನ ಕಣ್ಣಿಗೆ ಬೀಳ್ಬಾರ್ದು."

"ಆಕಿಗೇನ್ ಗೊತ್ತಾಗ್ತದ್ರೀ, ನೀವು ಸುತ್ತು ಹಾಕೂದು?"

"ಅವಳಿಗೆ ಗೊತ್ತಾಗ್ಬೇಕು ಅಂತ ಯಾರು ಮಾಡ್ತಾರೆ? ನನಗೆ ಗೊತ್ತಿದ್ರೆ ಸಾಲ್ದಾ?"

ನಾನು ಆ ಕಾರ್ಖಾನೆಗೆ ಸೇರಿದ್ದು ಅರವತ್ತೊಂಬತ್ತರಲ್ಲಿ. ನನ್ನ ಗಂಡ ಕಾರಿನ ಕಂಪನಿಯೊಂದರಲ್ಲಿ ಎಂಜಿನಿಯರ್. ಬಿ.ಎಸ್ಸಿ. ಮಾಡಿದ್ದ ನಾನು ಮನೆಯಲ್ಲಿ ಹಿಮ ನೋಡುತ್ತ ಕೂತಿದ್ದೆ. ಯಾರದೋ ಮನೆಯ ಗೌರಿ ಹಬ್ಬದ ಊಟದಲ್ಲಿ ಸಿಕ್ಕ ಅಕ್ಕ, "ಮನೇಲಿ ಕೂತು ಹುಚ್ಚು ಹಿಡಿಸ್ಕೋಬೇಡ, ನಮ್ಮ ಲ್ಯಾಬಿಗೆ ಅಪ್ಲೈ ಮಾಡು" ಎಂದರು. ಅವರು ಅಲ್ಲಿ ಕೆಮಿಸ್ಟ್. ಇಲ್ಲಿಯೇ ಓದಿ ಡಾಕ್ಟರೇಟ್ ಮಾಡಿದವರು. ನಾನು ಅವರ ಕೈಕೆಳಗೆ ಟೆಕ್ನಿಷಿಯನ್ ಆದೆ.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಕಾರಿನ ಸೀಟಿಗೆ ಹೊದಿಸುವ ವಿನೈಲ್ ಹಾಳೆ. ವಿನೈಲ್ ಹುಟ್ಟಾ ಗಟ್ಟಿ ಪ್ಲಾಸ್ಟಿಕ್ಕು. ಅದು ಚರ್ಮದಂತೆ ಮೆತ್ತಗಾಗಬೇಕಾದರೆ ಎಣ್ಣೆಯಂಥ ಒಂದು ದ್ರವವನ್ನು ಬೆರೆಸಬೇಕು. ಅದೇ ಪ್ಲಾಸ್ಟಿಸೈಜರ್. ಎಲ್ಲರೂ ಬಳಸುತ್ತಿದ್ದುದು ಪೆಟ್ರೋಲಿಯಮ್ಮಿನಿಂದ ಬಂದದ್ದನ್ನು. ಅದರ ಕೆಟ್ಟ ಗುಣವೆಂದರೆ ಅದು ಹಾಕಿದ ಕಡೆ ನಿಲ್ಲುವುದಿಲ್ಲ. ಸ್ವಲ್ಪ ಬಿಸಿ ತಗುಲಿದರೆ ಆವಿಯಾಗಿ ಹೊರಡುತ್ತದೆ.

ಅಕ್ಕನ ಒಂದು ಅಭ್ಯಾಸ ನಮ್ಮವರಲ್ಲೆಲ್ಲ ಹೆಸರುವಾಸಿಯಾಗಿತ್ತು. ಯಾರಾದರೂ ಹೊಸ ಕಾರು ಕೊಂಡು ತೋರಿಸಲು ಕರೆದರೆ, ಎಲ್ಲರೂ ಬಣ್ಣ ನೋಡುತ್ತಿದ್ದರೆ ಇವರು ಒಳಗೆ ತಲೆ ಹಾಕಿ, ಮುಂದಿನ ಗಾಜಿನ ಒಳಮೈಯನ್ನು ಬಿಳಿ ಕರವಸ್ತ್ರದಿಂದ ಒರೆಸಿ, ಅಂಟಿದ ಜಿಡ್ಡನ್ನು ಕಾರಿನ ಯಜಮಾನನ ಮೂಗಿನ ಮುಂದೆ ಹಿಡಿಯುತ್ತಿದ್ದರು.

"ಹೊಸ ಕಾರಿನ ವಾಸನೆ ಅಂತ ಮೂಗರಳಿಸ್ತೀರಲ್ಲ, ಇದೇ ಅದು. ಸೀಟು ಉಸಿರು ಬಿಡ್ತಾ ಇದೆ, ನೀವು ಎಳ್ಕೋತಾ ಇದೀರ."

ಪಾಪ, ಪೂಜೆ ಮಾಡಿಸಿ ನಿಂಬೆಹಣ್ಣು ಇಡಲು ನಿಂತವರ ಮುಖ ಬಾಡಿಹೋಗುತ್ತಿತ್ತು. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದವರಿಗೂ ಇದೇ ಪಾಠ. ಎಣ್ಣೆ ತಾಗಿ ತಾಗಿ ಹಾಳೆ ಹಪ್ಪಳದಂತೆ ಗಟ್ಟಿಯಾಗಿರುತ್ತಿತ್ತು. "ಹಾಳೆ ಒಳಗಿದ್ದ ಪ್ಲಾಸ್ಟಿಸೈಜರ್ ಎಲ್ಲಿ ಹೋಯ್ತು ಹೇಳು ನೋಡೋಣ? ಉಪ್ಪಿನಕಾಯಿಗೆ ಹೋಯ್ತು. ಆಮೇಲೆ ನಿನಗೆ." ಅವರನ್ನು ಊಟಕ್ಕೆ ಕರೆಯಲು ಜನ ಸ್ವಲ್ಪ ಹೆದರುತ್ತಿದ್ದರು.

ಆದರೆ ಅಕ್ಕನ ಹೊಟ್ಟೆ ಉರಿಯುತ್ತಿದ್ದುದು ಕಾರಿನವರಿಗಾಗಿ ಅಲ್ಲ, ಬಿಸಿ ರೋಲರುಗಳ ಮುಂದೆ ನಿಂತು ಹಾಳೆ ಎಳೆಯುತ್ತಿದ್ದ ಕೆಲಸಗಾರರಿಗಾಗಿ. ಅಲ್ಲಿ ಆ ಹೊಗೆ ಕಣ್ಣಿಗೇ ಕಾಣುತ್ತಿತ್ತು. ಗೋಡೆಗಳು ಸದಾ ಜಿಡ್ಡಿನಿಂದ ಹೊಳೆಯುತ್ತಿದ್ದವು. ಅವರ ಕೆಮ್ಮು ಲ್ಯಾಬಿನವರೆಗೂ ಕೇಳುತ್ತಿತ್ತು. "ಗೋಡೆ ಮೇಲಿರೋದೇ ಅವರ ಎದೆ ಒಳಗೂ ಇರತ್ತೆ. ಗೋಡೆನಾದ್ರೂ ಒರೆಸ್ಬೋದು" ಎಂದು ಅಕ್ಕ ಹಲ್ಲು ಕಚ್ಚುತ್ತಿದ್ದರು.

ಅದಕ್ಕೇ ಅವರು ಸೋಯಾ ಎಣ್ಣೆಯ ಹಿಂದೆ ಬಿದ್ದರು. ಕಾರು ಹತ್ತಿ ಅರ್ಧ ಗಂಟೆ ಹೋದರೆ ರಸ್ತೆಯ ಎರಡೂ ಕಡೆ ಸೋಯಾ ಹೊಲ. ಆ ಎಣ್ಣೆಯನ್ನು ಪೆರಾಕ್ಸೈಡ್ ಮತ್ತು ಒಂದು ಹುಳಿ ಆಮ್ಲದೊಡನೆ ಕಾಯಿಸಿ ಬದಲಾಯಿಸಿದರೆ ವಿನೈಲಿಗೆ ಬೆರೆಸಬಹುದು ಎನ್ನುವುದು ಆಗಲೇ ಎಲ್ಲರಿಗೂ ಗೊತ್ತಿತ್ತು, ಒಂದಿಷ್ಟು ಬೆರೆಸುತ್ತಲೂ ಇದ್ದರು. ಪೆಟ್ರೋಲಿಯಮ್ಮಿನದನ್ನು ಪೂರ್ತಿ ಬಿಟ್ಟು ಇದರಿಂದಲೇ ಸೀಟು ಮಾಡುವುದು ಮಾತ್ರ ಯಾರಿಗೂ ಸಾಧ್ಯವಾಗಿರಲಿಲ್ಲ. ಹೆಚ್ಚು ಹಾಕಿದರೆ ಎಣ್ಣೆ ಹಾಳೆಯಿಂದ ಹೊರಗೆ ಜಿನುಗುತ್ತಿತ್ತು. ಅಕ್ಕ ಅದಕ್ಕೆ ನಮ್ಮ ಹರಳೆಣ್ಣೆಯಿಂದ ಮಾಡಿದ್ದೊಂದನ್ನು ಜೊತೆಗೂಡಿಸಿ ಅಂತೂ ಹದಕ್ಕೆ ತಂದರು. ಅದು ಆವಿಯಾಗದು, ಗಾಜಿಗೆ ಕೂರದು, ಎದೆಗಿಳಿಯದು.

ಹದದ ಗುಟ್ಟೆಲ್ಲ ತೊಳೆಯುವುದರಲ್ಲಿತ್ತು. ಕಾಯಿಸಿದ ಮೇಲೆ ಎಣ್ಣೆಯಲ್ಲಿ ಉಳಿದ ಆಮ್ಲವನ್ನು ಬಿಸಿನೀರಿನಿಂದ ತೊಳೆದು, ನೀರು ಕೆಳಗಿಳಿಯುವವರೆಗೆ ಕಾದು, ಬಸಿಯಬೇಕು. ಅಕ್ಕ ಹಾಗೆ ತೊಳೆದ ಮೇಲೆ ಅಂಗೈಗೆ ಒಂದು ಹನಿ ಹಾಕಿಕೊಂಡು, ತುಪ್ಪ ಪರೀಕ್ಷೆ ಮಾಡುವಂತೆ ಉಜ್ಜಿ, ಮೂಗಿಗೆ ಹಿಡಿಯುತ್ತಿದ್ದರು. "ಇನ್ನೂ ಹುಳಿ ಇದೆ. ನಾಳೆ ಕಮಟಾಗತ್ತೆ. ಇದಕ್ಕಿನ್ನೂ ಮಡಿ ಆಗಿಲ್ಲ" ಎಂದು ಮತ್ತೆ ತೊಳೆಯುತ್ತಿದ್ದರು. ಪರೀಕ್ಷೆಯ ಅಂಕಿ ಪಾಸ್ ಎಂದರೂ ಅವರ ಮೂಗು ಫೇಲ್ ಎನ್ನುತ್ತಿತ್ತು. ಹುಳಿ ಪೂರ್ತಿ ಹೋದ ದಿನ, "ಹಾಂ, ಈಗ ಮಡಿ" ಎನ್ನುತ್ತಿದ್ದರು.

ಮಡಿ ಎಂಬ ಮಾತು ಅವರ ಬಾಯಲ್ಲಿ ಬಂದಾಗಲೆಲ್ಲ ಒಂದು ಕೊಂಕಿರುತ್ತಿತ್ತು. ಮದುವೆಯಾದ ವರ್ಷದೊಳಗೇ ಅವರ ಗಂಡ ಜ್ವರದಿಂದ ಹೋಗಿದ್ದರು. ಅತ್ತೆ ತಮ್ಮ ಮಡಿಯ ಹೆಸರಿನಲ್ಲಿ ಇವರಿಗೆ ಅಡುಗೆಮನೆಯ ಹೊಸಲು ದಾಟಲು ಬಿಟ್ಟಿರಲಿಲ್ಲವಂತೆ. ಬೇಯುವ ಸಾರಿನ ವಾಸನೆ ಹಿಡಿದೇ ಉಪ್ಪು ಕಡಿಮೆಯೋ ಹುಳಿ ಹೆಚ್ಚೋ ಎಂದು ಹೊರಗೆ ಕೂತು ಊಹಿಸುತ್ತಿದ್ದರಂತೆ. "ಮೂಗು ಅಲ್ಲೇ ಪಳಗಿದ್ದು ಕಣೆ. ಅತ್ತೆ ಉಪಕಾರ" ಎನ್ನುತ್ತಿದ್ದರು. ಆ ಉಪಕಾರವನ್ನು ಅವರು ಮರೆತಿರಲಿಲ್ಲ ಎನ್ನುವುದು ಹೇಳುವ ಧಾಟಿಯಲ್ಲೇ ತಿಳಿಯುತ್ತಿತ್ತು.

ಇನ್ನು ಆ ಗಾಜಿನ ಕೋಣೆಯವನು. ನಮ್ಮ ಲ್ಯಾಬಿನ ಮುಖ್ಯಸ್ಥ. ಅಕ್ಕ ಅವನಿಗೆ ಬೆಂಡೆಕಾಯಿ ಎಂದು ಹೆಸರಿಟ್ಟಿದ್ದರು. ನೋಡಲು ನೀಟು, ಮುರಿದರೆ ಲೋಳೆ. ಅವನೆದುರಿಗೇ "ಬೆಂಡೆಕಾಯಿ ಬಂತು ನೋಡು" ಎಂದು ಕನ್ನಡದಲ್ಲಿ ಹೇಳಿ ಇಬ್ಬರೂ ಗಂಭೀರವಾಗಿ ನಿಲ್ಲುತ್ತಿದ್ದೆವು. ಅಕ್ಕನ ಹೆಸರು ಉದ್ದವಾಯಿತೆಂದು ಅವನು ಒಂದು ದಿನವೂ ಅದನ್ನು ಹೇಳಲಿಲ್ಲ. ಮಿಸೆಸ್ ಎಂ. ಎನ್ನುತ್ತಿದ್ದ. ಅಕ್ಕನ ಹೆಸರಿನಲ್ಲಿ ಆ ಅಕ್ಷರವೇ ಇಲ್ಲ. ಅದು ಮೈಸೂರಿನ ಎಂ. ಅವರ ಎಣ್ಣೆಗೆ ಅವನು ಇಟ್ಟಿದ್ದ ಹೆಸರು ಸಲಾಡ್ ಎಣ್ಣೆ. "ಮಿಸೆಸ್ ಎಂ., ಇವತ್ತು ಲೆಟ್ಯೂಸ್ ತಂದಿದ್ದೀರಾ?" ಎಂದು ಕೇಳಿ ತಾನೇ ನಗುತ್ತಿದ್ದ.

ಎಪ್ಪತ್ತಮೂರರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಪೆಟ್ರೋಲಿಯಮ್ ಕೊಡುವುದನ್ನು ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ನಿಂತಿತು. ನಮ್ಮ ಪ್ಲಾಸ್ಟಿಸೈಜರಿಗೂ ಬರಗಾಲ ಬಂತು. ಸಲಾಡ್ ಎಣ್ಣೆ ಒಂದೇ ವಾರದಲ್ಲಿ ಬಂಗಾರವಾಯಿತು. ಬೆಂಡೆಕಾಯಿ ನಮ್ಮ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಎಲ್ಲವನ್ನೂ ಕೇಳಿ ಬರೆದುಕೊಂಡ. ಕೆಲವು ತಿಂಗಳ ಮೇಲೆ ಪೇಟೆಂಟಿಗೆ ಅರ್ಜಿ ಹೋಯಿತು. ಅದರಲ್ಲಿ ಅವನ ಹೆಸರಿತ್ತು, ಅವನ ಮೇಲಿನವನ ಹೆಸರಿತ್ತು.

ಅಕ್ಕ ಹೋಗಿ ಕೇಳಿದರು. ನಾನೂ ಬಾಗಿಲಲ್ಲಿದ್ದೆ. "ಅದೆಲ್ಲ ಬರೀ ಕಾಗದದ ಶಾಸ್ತ್ರ, ಮಿಸೆಸ್ ಎಂ. ನಾವೆಲ್ಲ ಒಂದೇ ತಂಡ. ಅಂದಹಾಗೆ ನಿಮ್ಮ ಗ್ರೀನ್ ಕಾರ್ಡಿಗೆ ನಾವೇ ಬರೆದುಕೊಟ್ಟಿದ್ದೇವಲ್ಲ?" ಎಂದ ಅವನು. ಅಕ್ಕ ಸುಮ್ಮನೆ ಹೊರಬಂದರು. ನನಗೆ ಮೈಯೆಲ್ಲ ಉರಿಯಿತು.

"ಅಲ್ರೀ ಅಕ್ಕಾವ್ರ, ಬಾಯಿ ಸತ್ತವ್ರಂಗ ಬಂದ್ರಲ್ಲಾ? ನಾಕು ಮಂದಿ ಮುಂದ ಅವನ ಮರ್ಯಾದಿ ತಗೀಬೇಕಿತ್ತು!"

"ತೆಗೆಯೋಣ. ಹದಕ್ಕೆ ಬರ್ಲಿ."

ಮುಂದಿನದು ಸೋಯಾ ಹಾಳೆಗೆ ಆರ್ಡರು ಸಿಕ್ಕ ಸಂತೋಷದ ಔತಣ. ಅದನ್ನು ಕೊಳ್ಳಲಿದ್ದ ಕಾರಿನ ಕಂಪನಿಯ ದೊಡ್ಡವರೆಲ್ಲ ಬಂದಿದ್ದರು. ಒಬ್ಬ ಅಕ್ಕನ ಸೀರೆ ನೋಡಿ ಇವರು ಯಾರು ಎಂದು ಕೇಳಿದಾಗ ಬೆಂಡೆಕಾಯಿ ಅವರ ಹೆಗಲ ಹತ್ತಿರ ಕೈ ಆಡಿಸುತ್ತ, "ಇವರು ನಮ್ಮ ಎಣ್ಣೆ ತೊಳೆಯುವವರು" ಎಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಆ ನಗುವನ್ನು ನಾನು ಬೇಕರಿಯ ಕಥೆ ಕೇಳಿದಾಗಲೇ ಊಹಿಸಿಕೊಂಡಿದ್ದೆ. ಈಗ ಕಣ್ಣಾರೆ ಕಂಡೆ.

ಎಣ್ಣೆಯನ್ನು ದೊಡ್ಡ ಟ್ಯಾಂಕುಗಳಲ್ಲಿ ಮಾಡುವ ಕಾಲ ಬಂದಾಗ, ಎಷ್ಟು ಸಲ ತೊಳೆಯಬೇಕು ಎಂಬ ಮಾತು ಬಂತು. ಹುಳಿ ವಾಸನೆ ಹೋಗುವವರೆಗೆ ಎಂದರು ಅಕ್ಕ. ಬೆಂಡೆಕಾಯಿಗೆ ತಡೆಯಲಾಗಲಿಲ್ಲ. "ಮೂಗಿನಿಂದ ಕಾರ್ಖಾನೆ ನಡೆಯುವುದಿಲ್ಲ. ನಿಮ್ಮ ಪೂಜೆ ಲ್ಯಾಬಿನಲ್ಲಿರಲಿ. ಒಂದು ಸಲ ತೊಳೆದರೆ ಪರೀಕ್ಷೆ ಪಾಸಾಗುತ್ತದೆ, ಸಾಕು." ಅಕ್ಕ ಇನ್ನೊಮ್ಮೆ, ಎಲ್ಲರೆದುರು, ಬಿಡಿಸಿ ಹೇಳಿದರು: ಉಳಿದ ಆಮ್ಲ ಬಿಸಿಲಿಗೆ ಎಣ್ಣೆಯನ್ನು ಕೆಡಿಸುತ್ತದೆ, ಕೆಟ್ಟ ಎಣ್ಣೆ ಹಾಳೆಯಲ್ಲಿ ನಿಲ್ಲುವುದಿಲ್ಲ. ಅವನು ಗಡಿಯಾರ ನೋಡಿದ. ಅಲ್ಲಿಗೆ ಅಕ್ಕ ಬಾಯಿಗೆ ಬೀಗ ಹಾಕಿದರು. ಹೇಳಬೇಕಾದ್ದನ್ನು ಹೇಳಿದ್ದರು. ಎರಡನೆಯ ಸಲವೂ ಹೇಳಿದ್ದರು. ಮೂರನೆಯ ಸಲ ಕಾಲಿಗೆ ಬಿದ್ದು ಹೇಳಬೇಕಿತ್ತೆ?

ಎಪ್ಪತ್ತೈದರ ಬೇಸಿಗೆ ಬಂತು. ತೊಂಬತ್ತು ಫ್ಯಾರನ್‌ಹೀಟ್ ದಾಟಿದ ದಿನಗಳು. ಕಿಟಕಿ ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಹೊಸ ಕಾರುಗಳ ಸೀಟುಗಳು ಬೆವರತೊಡಗಿದವು. ಕೂತವರ ಪ್ಯಾಂಟು ಅಂಟಿಕೊಂಡಿತು, ಬಿಳಿ ಫ್ರಾಕುಗಳು ಕಲೆಯಾದವು. ಒಳಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ಕೊಬ್ಬರಿಯ ಕಮಟು. ವಾಪಸು ಬಂದ ಸೀಟೊಂದನ್ನು ಲ್ಯಾಬಿಗೆ ತಂದಿಟ್ಟರು. ಅಕ್ಕ ಅದರ ಮೇಲೆ ಬೆರಳಾಡಿಸಿ, ಎಳೆ ಬರುವುದನ್ನು ನನಗೆ ತೋರಿಸಿ, ಬಹಳ ಮೃದುವಾಗಿ ಹೇಳಿದರು: "ಬೆಂಡೆಕಾಯಿ ಲೋಳೆ ಬಿಡ್ತು."

ಕಾರಿನ ಕಂಪನಿಯವರು ವಿಚಾರಣೆಗೆ ಬಂದರು. ಉದ್ದ ಮೇಜು, ಒಂದು ಕಡೆ ಅವರು, ಒಂದು ಕಡೆ ನಾವು. ಬೆಂಡೆಕಾಯಿಯ ಕತ್ತು ಕೆಂಪಾಗಿತ್ತು. ನಾಲ್ಕು ಪ್ರಶ್ನೆ ಬರುತ್ತಲೇ ಅವನು ಕುರ್ಚಿ ತಿರುಗಿಸಿ, ಅಕ್ಕನತ್ತ ಕೈ ಚಾಚಿ, "ನ್ಯಾಯವಾಗಿ ಹೇಳಬೇಕೆಂದರೆ ಈ ಸೂತ್ರ ಪೂರ್ತಿ ಇವರದು" ಎಂದ. ಆಮೇಲೆ, ದೇವರಾಣೆ, ಅಕ್ಕನ ಹೆಸರು ಹೇಳಿದ. ಅಷ್ಟೂ ಉದ್ದದ ಹೆಸರನ್ನು, ಒಂದಕ್ಷರ ತಪ್ಪದೆ. ಆ ಹೆಸರು ಅವನಿಗೆ ಮೊದಲಿನಿಂದ ಬರುತ್ತಿತ್ತು!

ಅಕ್ಕ ಸೆರಗು ಸರಿಮಾಡಿಕೊಂಡರು. ಪೇಟೆಂಟ್ ಅರ್ಜಿಯ ಪ್ರತಿ ಮೇಜಿನ ಮೇಲೆಯೇ ಇತ್ತು. ಅದನ್ನು ತಮ್ಮತ್ತ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಕಂಡುಹಿಡಿದವರ ಹೆಸರುಗಳನ್ನು ಶಾಲೆಯ ಹಾಜರಿ ಕೂಗುವಂತೆ ಓದಿದರು. ಮೊದಲು ಅವನದು. ಆಮೇಲೆ ಅವನ ಮೇಲಿನವನದು. ಪುಟ ತಿರುಗಿಸಿ ಹಿಂದೆಯೂ ನೋಡಿದರು.

"ಕ್ಷಮಿಸಿ, ಇಲ್ಲಿ ನಾನಿಲ್ಲ" ಎಂದರು. "ನಾನು ಎಣ್ಣೆ ತೊಳೆಯುವವಳು. ಔತಣದಲ್ಲಿ ಇವರೇ ನಿಮಗೆ ಹೇಳಿದರಲ್ಲ?"

ಅತ್ತ ಕಡೆಯ ಒಬ್ಬ ಮುದುಕ ಮುಂದೆ ಬಾಗಿ, "ತೊಳೆಯುವುದು ಅಷ್ಟು ಮುಖ್ಯವೇ?" ಎಂದು ಕೇಳಿದ.

"ಅದನ್ನು ಕಂಡುಹಿಡಿದವರೇ ಹೇಳಬೇಕು" ಎಂದು ಅಕ್ಕ ಕಾಗದವನ್ನು ಬೆಂಡೆಕಾಯಿಯ ಮುಂದಕ್ಕೆ ಸರಿಸಿದರು.

ಅವನು ತನ್ನ ಹೆಸರನ್ನೇ ಮೊದಲ ಸಲ ಕಂಡವನಂತೆ ಆ ಕಾಗದ ನೋಡಿದ. ಇಷ್ಟು ವರ್ಷವಾದರೂ ಆ ಮುಖ ನೆನಪಾದರೆ ನನಗೆ ಎರಡು ಹೋಳಿಗೆ ಹೆಚ್ಚು ತಿಂದಷ್ಟು ತೃಪ್ತಿ. ಇದು ತಪ್ಪು, ಹೀಗೆ ಸಂತೋಷಪಡಬಾರದು ಎಂದು ನನ್ನ ಗಂಡ ಹೇಳುತ್ತಾರೆ. ಅವರನ್ನು ಯಾರೂ ಎಣ್ಣೆ ತೊಳೆಯುವವರೆಂದು ಕರೆದಿಲ್ಲ.

ಒಂದೇ ಒಂದು ವಿಷಯ ಅಕ್ಕನನ್ನು ಕಾಡಿತು. ಸೋಯಾ ಹಾಳೆ ಮಾಡುವುದು ನಿಂತಿತು, ಕಾರ್ಖಾನೆ ಮತ್ತೆ ಹಳೆಯ ಪ್ಲಾಸ್ಟಿಸೈಜರಿಗೆ ತಿರುಗಿತು, ರೋಲರಿನ ಹತ್ತಿರ ಮತ್ತೆ ಹೊಗೆ ಎದ್ದಿತು. ಒಣಗುತ್ತ ಬಂದಿದ್ದ ಗೋಡೆಗಳು ಮತ್ತೆ ಹೊಳೆಯತೊಡಗಿದವು. "ಅವನನ್ನ ಬೀಳಿಸೋಕೆ ಹೋಗಿ ಈ ರೋಲರಿನವರ ಎದೆ ಮೇಲೆ ಬಿದ್ದೆನಲ್ಲೇ" ಎಂದು ಒಂದು ದಿನ ಕಾರಿನಲ್ಲಿ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ. ಕಣ್ಣೊರೆಸಿಕೊಂಡವರು, "ಸರಿ, ಇನ್ನೂ ಮುಗಿದಿಲ್ಲ" ಎಂದು ಗಾಡಿ ಸ್ಟಾರ್ಟ್ ಮಾಡಿದರು.

ಅಷ್ಟರಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂದಿತ್ತು. ಅಕ್ಕ ರಾಜೀನಾಮೆ ಕೊಟ್ಟು ಷಿಕಾಗೊಕ್ಕೆ ಹೋದರು. ಅಲ್ಲಿಯ ಉಪನಗರ ಇಟಾಸ್ಕಾದ ಹತ್ತಿರ ಎಣ್ಣೆಗಳನ್ನು ಮಾಡುವ ಒಂದು ಚಿಕ್ಕ ಕಂಪನಿ. ಅಲ್ಲಿ ಹರಳೆಣ್ಣೆಯ ಪಾಲನ್ನೇ ಬದಲಿಸಿ, ತೊಳೆಯುವ ಕ್ರಮವನ್ನೇ ಮೊದಲಿನಿಂದ ಕಟ್ಟಿದರು. ಅಂಗೈ ಮೂಗಿಗೆ ಹಿಡಿದು ನೋಡದೆ ಒಂದು ಡ್ರಮ್ಮೂ ಹೊರಗೆ ಹೋಗಕೂಡದೆಂದು ಹಟ ಹಿಡಿದರು. ಈ ಸಲದ ಪೇಟೆಂಟಿನಲ್ಲಿ ಹೆಸರು ಒಂದೇ. ಅದು ಅವರದು. ಹುಡುಕುವವರಿಗೆ ಅಲ್ಲಿ ಸಿಗುತ್ತದೆ.

ಹಳೆಯ ಪ್ಲಾಸ್ಟಿಸೈಜರಿನ ಮೇಲೆ ಅನುಮಾನದ ಮಾತುಗಳು ಎಲ್ಲೆಡೆ ಹೆಚ್ಚಾಗುತ್ತಿದ್ದ ಕಾಲ. ಗಾಜಿಗೆ ಜಿಡ್ಡು ಕೂರದ ಸೀಟೇ ಬೇಕೆಂದು ವಿಚಾರಣೆಗೆ ಬಂದಿದ್ದ ಕಾರಿನ ಕಂಪನಿಯ ಆ ಮುದುಕನೇ ಪಟ್ಟು ಹಿಡಿದನಂತೆ. ಕೊನೆಗೆ ನಮ್ಮ ಕಾರ್ಖಾನೆ ಷಿಕಾಗೊದಿಂದ ಎಣ್ಣೆ ಕೊಳ್ಳಬೇಕಾಯಿತು. ಮೊದಲ ಲಾರಿ ಬಂದ ದಿನ ಡ್ರಮ್ಮುಗಳ ಮೇಲಿನ ಹೆಸರು ನೋಡಿ ನಾನು ನಿಂತಲ್ಲೇ ನಿಂತೆ. ನೀಲಿ ಇಂಗ್ಲಿಷ್ ಅಕ್ಷರಗಳಲ್ಲಿ, ಮೊಳದಷ್ಟು ದೊಡ್ಡದಾಗಿ: ಮಡಿ.

ಅವತ್ತೇ ಫೋನ್ ಮಾಡಿದೆ.

"ಏನ್ ಹೆಸರ ಇಟ್ಟೀರಿ ಅಕ್ಕಾವ್ರ! ನಿಮ್ಮ ಅತ್ತಿ ಕೇಳಿದ್ರ ಎದಿ ಒಡಕೊಂತಿದ್ರು."

"ಒಡ್ಕೊಳ್ಲಿ ಬಿಡು. ಹೊಸಲಾಚೆ ನಿಲ್ಲಿಸಿದ್ರಲ್ಲ, ಅವರ ಮಡಿನ ಲಾರಿ ಮೇಲೆ ಹೇರಿ ಊರೂರು ಸುತ್ತಿಸ್ತಾ ಇದೀನಿ." ಸ್ವಲ್ಪ ಹೊತ್ತು ನಕ್ಕು, ದನಿ ತಗ್ಗಿಸಿ ಕೇಳಿದರು: "ಆರ್ಡರ್ ಹೇಳೋದು ಯಾರು?"

"ಬೆಂಡೆಕಾಯೀನ ರೀ. ಫೋನ್ ಹಿಡಕೊಂಡು ಮ್ಯಾಡಿ ಮ್ಯಾಡಿ ಅಂತಾನ."

"ಹೇಳ್ಲಿ. ನನ್ನ ಹೆಸರು ಬಂದ್ರೂ ಬಾರದ ಹಾಗೆ ಇದ್ದನಲ್ಲ. ಇದನ್ನ ದಿನಾ ಹೇಳ್ಲಿ. ನೀನು ಅಲ್ಲೇ ಇದೀಯಲ್ಲ, ಸರಿಯಾಗಿ ಹೇಳಿಸು."

ರೋಲರಿನ ಹತ್ತಿರದ ಗೋಡೆಗಳು ಈಗ ಒಣಗಿವೆ. ಅಲ್ಲಿನ ಮೇಸ್ತ್ರಿ ಒಂದು ದಿನ ಬರಿಗೈಯಲ್ಲಿ ಗೋಡೆ ಸವರಿ, ಅಂಗೈ ತಿರುಗಿಸಿ ನನಗೆ ತೋರಿಸಿದ. ನಾನು ಅದನ್ನೂ ಅಕ್ಕನಿಗೆ ಹೇಳಿದೆ. "ನಾಳೆ ಬಿಳಿ ಕರವಸ್ತ್ರದಲ್ಲಿ ಒರೆಸಿ ನೋಡು, ಆಮೇಲೆ ನಂಬ್ತೀನಿ" ಎಂದರು.

ಬೆಂಡೆಕಾಯಿ ಒಮ್ಮೆ ಡ್ರಮ್ಮಿನ ಮೇಲೆ ಕೈಯಿಟ್ಟುಕೊಂಡು, "ಇದು ನಿಮ್ಮ ಭಾಷೆಯಂತೆ, ಏನರ್ಥ?" ಎಂದು ನನ್ನನ್ನು ಕೇಳಿದ. ನೀವು ಮುಟ್ಟಬಾರದು ಎಂದು ಅರ್ಥ ಎಂದೆ. ತಮಾಷೆಯೆಂದುಕೊಂಡು ನಕ್ಕ, ಕೈ ಮಾತ್ರ ತೆಗೆದ.

ಅಕ್ಕ ಹೋದ ಸುದ್ದಿ ಅವನಿಗೂ ಮುಟ್ಟಿದೆ. ನನ್ನ ಮೇಜಿನ ಹತ್ತಿರ ಬಂದು, ಮಿಸೆಸ್ ಎಂ. ಬಹಳ ಒಳ್ಳೆಯವರಾಗಿದ್ದರು ಎಂದು ವಿಷಾದ ಸೂಚಿಸಿದ. ಥ್ಯಾಂಕ್ಸ್ ಹೇಳಿ ನಕ್ಕೆ. ಆ ನಗು ನನಗೂ ಈಗ ಬರುತ್ತದೆ. ಡ್ರಮ್ಮುಗಳು ಬರುತ್ತಲೇ ಇವೆ. ಗಾಜಿನ ಕೋಣೆಯ ಬಾಗಿಲು ತೆರೆದಿಟ್ಟುಕೊಂಡೇ ಅವನು ಷಿಕಾಗೊಕ್ಕೆ ಫೋನ್ ಮಾಡುತ್ತಾನೆ. ನಾನು ಕೆಲಸ ಬಿಟ್ಟು ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಅವನು ಮ್ಯಾಡಿ ಎಂದರೆ "ಮ್ಯಾಡಿ ಅಲ್ಲ, ಮಡಿ" ಎಂದು ತಿದ್ದುತ್ತೇನೆ. ಅವನು ಫೋನು ಹಿಡಿದುಕೊಂಡೇ ಇನ್ನೊಮ್ಮೆ ಹೇಳುತ್ತಾನೆ. ಈಚೆಗೆ ಅವನಿಗೆ ಸರಿಯಾಗಿಯೇ ಬರುತ್ತದೆ. ಆದರೂ ತಿದ್ದುತ್ತೇನೆ.